ಬಿಸಿಲು ಬೇರೆ, ಸೆಕೆ ಬೇರೆ

ರಾಯಚೂರಿನ ಓದುಗರ ಕೂಟವೊಂದರಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತುಗಳಿವು. ಬರೆದು ಕೊಡಿ ಅಂತ ಕೇಳಿದರು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಜೋಡಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಪರಿಚಯ ಮಾಡಿಕೊಟ್ಟವರು "ಇವರು ಬೈಕ್‌ಪ್ಯಾಕಿಂಗ್ ಮಾಡ್ತಾರೆ" ಅಂದ ಕೂಡಲೇ ಮುಂದಿನ ಸಾಲಿನ ಹಿರಿಯರೊಬ್ಬರು "ಯಾವ ಗಾಡಿ, ಬುಲೆಟ್ಟಾ?" ಅಂದರು. ಅಲ್ಲ ಸರ್. ಸೈಕಲ್ಲು. ತುಳಿಯೋ ಸೈಕಲ್ಲು. ನಮ್ಮಲ್ಲಿ ಬೈಕ್ ಅಂದರೆ ಪೆಟ್ರೋಲ್ ಕುಡಿಯುವಂಥದ್ದು, ಹಾಗಾಗಿ ಈ ಹೆಸರು ಎಲ್ಲೆಡೆ ಗೊಂದಲ ಮಾಡುತ್ತೆ. ನಮ್ಮವ್ವ ಇದಕ್ಕೆ "ಸೈಕಲ್ಲಿಗೆ ಗಂಟು ಕಟ್ಕೊಂಡು ಹೋಗೋದು" ಅಂತಾಳೆ. ಅದಕ್ಕಿಂತ ಸರಿಯಾದ ಹೆಸರು ನನಗೆ ಸಿಕ್ಕಿಲ್ಲ.

ಗಂಟು ದೊಡ್ಡದಲ್ಲ. ಸೀಟಿನ ಹಿಂದೆ ಬಾಲದ ಹಾಗೆ ಒಂದು ಉದ್ದ ಚೀಲ. ಹ್ಯಾಂಡಲ್ಲಿಗೆ ಸುತ್ತಿ ಬಿಗಿದ ಚಾಪೆ, ಸೊಳ್ಳೆಪರದೆ. ಫ್ರೇಮಿನ ತ್ರಿಕೋನದೊಳಗೆ ಪಂಪು, ಟ್ಯೂಬು, ತಿಂಡಿ. ಕ್ಯಾರಿಯರ್ ಇಲ್ಲ. ಎಲ್ಲಾ ಸೇರಿ ಏಳು ಕೆಜಿ. ನೀರು ಬೇರೆ, ಮೂರು ಲೀಟರ್. ಕರಾವಳಿಯಲ್ಲಿ ನೀರು ಎಲ್ಲಿ ಬೇಕಾದರೂ ಸಿಗುತ್ತೆ, ಇಷ್ಟು ಯಾಕೆ ಹೊರಬೇಕು ಅಂತ ನಾನೂ ಒಮ್ಮೆ ಅಂದುಕೊಂಡಿದ್ದೆ.

ಇವತ್ತು ಹೇಳಬೇಕು ಅಂತಿರೋದು ಒಂದೇ ದಿನದ ಕಥೆ. ಹೋದ ವರ್ಷದ ಏಪ್ರಿಲ್, ಗೋಕರ್ಣದಿಂದ ತೆಂಕಕ್ಕೆ ಒಬ್ಬನೇ ಹೋದದ್ದು. ಆದರೆ ಅದಕ್ಕೂ ಎರಡು ವರ್ಷ ಮುಂಚೆ ಇದೇ ದಾರಿಯಲ್ಲಿ ನಾನು ಮಾಡಿಕೊಂಡ ಎಡವಟ್ಟು ಹೇಳದಿದ್ದರೆ ಇದು ಅರ್ಥ ಆಗಲ್ಲ.

ನಾವು ರಾಯಚೂರಿನವರು. ಮೇ ತಿಂಗಳಲ್ಲಿ 42 ಡಿಗ್ರಿ ನೋಡಿದವರು. ಹೊರಗಿನಿಂದ ಯಾರಾದರೂ ಬಂದು ಉಸ್ಸಪ್ಪಾ ಅಂದರೆ ನಮಗೆ ಒಳಗೊಳಗೇ ಖುಷಿ, ಅಲ್ವಾ? ಆ ಜಂಬ ಹೊತ್ತುಕೊಂಡೇ ನಾನು ಮೊದಲ ಸಲ ಕರಾವಳಿಗೆ ಹೋದೆ. ಕುಂದಾಪುರದಿಂದ ಬಡಗಕ್ಕೆ, ಗೋಕರ್ಣದ ಕಡೆ. ಬೆಳಗ್ಗೆ ಫೋನ್ ನೋಡಿದರೆ 34 ಡಿಗ್ರಿ ಅಂತ ತೋರಿಸುತ್ತಿತ್ತು. ನಕ್ಕೆ. ನಮ್ಮೂರಲ್ಲಿ 34 ಅಂದರೆ ಶಾಲು ಹೊದೆಯೋ ಹವಾ.

ಭಟ್ಕಳ ದಾಟಿ ಒಂದು ಏರು ಹತ್ತುತ್ತಿದ್ದೆ. ಮಧ್ಯಾಹ್ನ ಒಂದೂವರೆ. ಮುಂಗೈ ಮೇಲಿನ ಕೂದಲು ನೆಟ್ಟಗೆ ನಿಂತಿದ್ದವು. ಆ ಬಿಸಿಲಲ್ಲಿ ಚಳಿ! ಬಸ್ ತಂಗುದಾಣದಲ್ಲಿ ಕೂತೆ. ವಾಂತಿ ಆಯಿತು. ತಲೆ ಸಿಡಿಯುತ್ತಿತ್ತು. ಮೀನಿನ ಟೆಂಪೋದವನೊಬ್ಬ ನಿಲ್ಲಿಸಿ ಯಾವ ಊರು ಅಂತ ಕೇಳಿದ. ಹೇಳೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ಪುಣ್ಯಾತ್ಮ ಖಾಲಿ ಕ್ರೇಟುಗಳ ಮೇಲೆ ಸೈಕಲ್ ಮಲಗಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಬಿಟ್ಟ. ನನ್ನ ಚೀಲದಲ್ಲಿ ಬಂಗುಡೆ ವಾಸನೆ ಒಂದು ತಿಂಗಳಿತ್ತು.

ಡ್ರಿಪ್ ಹಾಕುತ್ತಾ ಡಾಕ್ಟರು ಕೇಳಿದರು, "ಎಲ್ಲಿಯವರು?"

"ರಾಯಚೂರು."

"ಹಾಂ, ಅದಕ್ಕೇ" ಅಂದರು. ಅಷ್ಟೇ. ಮತ್ತೇನೂ ವಿವರಿಸಲಿಲ್ಲ.

ಆ "ಅದಕ್ಕೇ" ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬಿಸಿಲಿನ ಊರಿನವನಿಗೆ ಬಿಸಿಲು ತಾಳೋಕೆ ಬರಬೇಕಲ್ಲ, ಇವರು ಉಲ್ಟಾ ಹೇಳುತ್ತಾರಲ್ಲ? ಮನೆಗೆ ಬಂದು ಹುಡುಕಿ ಓದಿದೆ. ಉತ್ತರ ನಮ್ಮ ಮನೆಯ ಮಣ್ಣಿನ ಹೂಜಿಯಲ್ಲೇ ಇತ್ತು.

ಹೂಜಿಯ ನೀರು ಯಾಕೆ ತಂಪಾಗುತ್ತೆ? ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖ ಎಳೆದುಕೊಂಡು ಹೋಗುತ್ತೆ. ನಮ್ಮ ಮೈಯೂ ಒಂದು ಹೂಜಿ. ಬೆವರು ಬಂದರೆ ಸಾಲದು, ಅದು ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಮೈಯಿಂದ ಹೋಗುತ್ತೆ. ಅದೇ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಶುದ್ಧ ದಂಡ. ನೀರೂ ಹೋಯಿತು, ಉಪ್ಪೂ ಹೋಯಿತು, ತಂಪು ಮಾತ್ರ ಬರಲಿಲ್ಲ.

ಇದನ್ನು ಅಳೆಯೋದು ಸುಲಭ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿಯಬೇಕು. ಬಟ್ಟೆ ಆರುತ್ತಾ ಹೋದ ಹಾಗೆ ಪಾದರಸ ಇಳಿಯುತ್ತೆ. ರಾಯಚೂರಿನ 41 ಡಿಗ್ರಿಯ ಒಣ ಮಧ್ಯಾಹ್ನ, ಗಾಳಿಯಲ್ಲಿ ತೇವ 20 ಪರ್ಸೆಂಟ್ ಇದ್ದರೆ, ಅದು ಹೆಚ್ಚುಕಮ್ಮಿ 23ಕ್ಕೆ ಇಳಿಯುತ್ತೆ. ಕುಮಟಾದ ಕಡೆ 34 ಡಿಗ್ರಿ, ತೇವ 70 ಪರ್ಸೆಂಟ್ ಅಂತ ಇಟ್ಟುಕೊಳ್ಳಿ. ಅಲ್ಲಿ 29ರ ಹತ್ತಿರ ನಿಂತುಬಿಡುತ್ತೆ. ಅಂದರೆ ಬೆವರಿನ ಲೆಕ್ಕದಲ್ಲಿ ನೋಡಿದರೆ ನಮ್ಮ 41ಕ್ಕಿಂತ ಅವರ 34 ಆರು ಡಿಗ್ರಿ ಜಾಸ್ತಿ ಬಿಸಿ. ನಾನು ನಕ್ಕಿದ್ದು ಆ 34 ನೋಡಿ.

ಹವಾಮಾನ ಇಲಾಖೆಗೆ ಇದು ಗೊತ್ತು. ಬಯಲು ಸೀಮೆಯಲ್ಲಿ ಬಿಸಿಗಾಳಿ ಅಂತ ಘೋಷಿಸೋಕೆ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಕರಾವಳಿಗೆ ಮಟ್ಟ 37. ಅದರ ಜೊತೆಗೆ ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿ ಏರಿರಬೇಕು. ಇನ್ನು ಜನಕ್ಕಂತೂ ಇಲಾಖೆಗಿಂತ ಮೊದಲೇ ಗೊತ್ತು. ನಾವು ಬಿಸಿಲು ಅಂತೀವಿ, ಝಳ ಅಂತೀವಿ. ಅವರು ಸೆಕೆ ಅಂತಾರೆ. ಬಿಸಿಲು ಮೇಲಿಂದ ಬೀಳುತ್ತೆ, ನೆರಳಿಗೆ ಹೋದರೆ ತಪ್ಪಿಸಿಕೊಳ್ಳಬಹುದು. ಸೆಕೆ ಹಾಗಲ್ಲ, ನೆರಳಲ್ಲೂ ಬಂದು ಪಕ್ಕದಲ್ಲಿ ಕೂರುತ್ತೆ. ರಾತ್ರಿಯೂ ಇರುತ್ತೆ.

ಇಷ್ಟು ಕಲಿತ ಮೇಲೆ ಎರಡನೇ ಸಲ ಹೊರಟೆ.

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಸೈಕಲ್ ಹಾಕಿಕೊಂಡು ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ. ಅಲ್ಲಿಂದ ಸಂಜೆ ತುಳಿದು ಗೋಕರ್ಣ. ದಾರಿಯಲ್ಲಿ ಸಾಣಿಕಟ್ಟಾ ಸಿಗುತ್ತೆ, ಉಪ್ಪಿನ ಗದ್ದೆಗಳ ಊರು. ಚೌಕ ಚೌಕ ಮಡಿ, ಅದರಲ್ಲಿ ಅಳಿವೆಯ ನೀರು, ದಂಡೆ ಮೇಲೆ ಬೂದುಬಿಳಿ ಉಪ್ಪಿನ ರಾಶಿ. ಮಳೆ ಬೀಳುವವರೆಗೆ ಮಾತ್ರ ಈ ಕೆಲಸ. ಒಂದು ಪೊಟ್ಟಣ ಉಪ್ಪು ತೆಗೆದುಕೊಂಡೆ. ಚಿಕ್ಕ ಡಬ್ಬಿಗೆ ತುಂಬಿ ಫ್ರೇಮ್ ಚೀಲಕ್ಕೆ ಹಾಕಿದೆ. ಮೊದಲ ಸಲ ನಾನು ಬರೀ ನೀರು ಕುಡಿದಿದ್ದೆ, ಲೀಟರ್‌ಗಟ್ಟಲೆ. ಉಪ್ಪು ಸುರಿದುಹೋದ ಮೈಗೆ ಬರೀ ನೀರು ಹೊಯ್ದರೆ ಇರೋ ಉಪ್ಪೂ ತೆಳ್ಳಗಾಗುತ್ತೆ ಅಂತ ಆಗ ಗೊತ್ತಿರಲಿಲ್ಲ.

ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆಗಟ್ಟಬಾರದು, ಸಮ ಇರಬೇಕು. ಭೇದಿಯಾದ ಮಗುವಿಗೆ ಕೊಡುವ ಅದೇ ನೀರು. ಸಕ್ಕರೆ ಬರೀ ರುಚಿಗಲ್ಲ, ಕರುಳಿನಲ್ಲಿ ಉಪ್ಪನ್ನು ಕೈಹಿಡಿದು ಒಳಗೆ ಕರೆದೊಯ್ಯೋದೇ ಸಕ್ಕರೆ. 1971ರಲ್ಲಿ ಬಾಂಗ್ಲಾದಿಂದ ಓಡಿಬಂದವರ ಶಿಬಿರದಲ್ಲಿ ಕಾಲರಾ ಎದ್ದಾಗ, ಡ್ರಿಪ್ ಬಾಟಲಿ ಮುಗಿದುಹೋಗಿ, ಡಾ. ದಿಲೀಪ್ ಮಹಲನಬೀಸ್ ಇದೇ ಜಾತಿಯ ನೀರನ್ನು ಡ್ರಮ್ಮಿನಲ್ಲಿ ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದರು. ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಕ್ರೀಡಾ ಪಾನೀಯಕ್ಕೆ ದುಡ್ಡು ಸುರಿಯೋ ಗೆಳೆಯರಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ. ಯಾರೂ ಕೇಳಲ್ಲ, ಅದು ಬೇರೆ ಮಾತು.

ಬೆಳಗ್ಗೆ ಐದೂಕಾಲಿಗೆ ಗೋಕರ್ಣ ಬಿಟ್ಟೆ. ಕತ್ತಲು. ಘಟ್ಟದ ಕಡೆಯಿಂದ ಸಣ್ಣಗೆ ತಣ್ಣನೆ ಗಾಳಿ. ಈ ಗಾಳಿ ದಿನಕ್ಕೆ ಎರಡು ಮೂರು ಗಂಟೆಯ ಅತಿಥಿ. ರಾತ್ರಿ ನೆಲ ಬೇಗ ತಣಿಯುತ್ತೆ, ಕಡಲು ತಣಿಯಲ್ಲ, ಹಾಗಾಗಿ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಹೋಗುತ್ತೆ. ಬೀದಿನಾಯಿ, ನಾನು, ಹಾಲಿನವನು ಬಿಟ್ಟರೆ ರಸ್ತೆಯಲ್ಲಿ ಯಾರೂ ಇಲ್ಲ. ತದಡಿ ಬಂದರು ಮುಟ್ಟುವಾಗ ಪೂರ್ವ ಬೆಳ್ಳಗಾಗುತ್ತಿತ್ತು. ದೋಣಿಗಳು ಬಂದಿದ್ದವು. ಐಸ್ ಒಡೆಯೋ ಸದ್ದು, ಬುಟ್ಟಿ ಹೊತ್ತ ಹೆಂಗಸರ ಬೈಗುಳ, ಬೆಕ್ಕುಗಳು. ಆ ಊರು ಎದ್ದು ಎಷ್ಟೋ ಹೊತ್ತಾಗಿತ್ತು.

ತದಡಿಯಿಂದ ಆಚೆ ದಡಕ್ಕೆ, ಅಘನಾಶಿನಿ ಊರಿಗೆ, ದೋಣಿ ಇದೆ. ಜನ, ಮೀನು ಬುಟ್ಟಿ, ಸ್ಕೂಟರ್ ಎಲ್ಲಾ ಅದರಲ್ಲೇ. ಹೆದ್ದಾರಿ ಹಿಡಿದರೆ ಇಷ್ಟಕ್ಕೇ ದೊಡ್ಡ ಸುತ್ತು. ಸೈಕಲ್ಲನ್ನು ಎತ್ತಿ ಅಂಚಿಗೆ ಒರಗಿಸಿದೆ. ಅಣೆಕಟ್ಟು ಇಲ್ಲದ ನದಿ ಅಘನಾಶಿನಿ, ಶಿರಸಿಯ ಕಡೆ ಹುಟ್ಟಿ ಇಲ್ಲಿವರೆಗೆ ತನ್ನ ಪಾಡಿಗೆ ತಾನು ಬರುತ್ತೆ. ಇಳಿತದ ಹೊತ್ತು. ನಡುನೀರಲ್ಲಿ ಹೆಂಗಸರು, ಗಂಡಸರು ಸೊಂಟದವರೆಗೆ ಮುಳುಗಿ ನಿಂತು ಕಾಲಿನಿಂದ ತಡಕಿ ಬಳಚು ಆಯುತ್ತಿದ್ದರು. ಚಿಪ್ಪಿನೊಳಗಿನ ಮಾಂಸ. ಪಕ್ಕದಲ್ಲಿ ತೇಲುವ ಪಾತ್ರೆ, ಸೊಂಟಕ್ಕೆ ಹಗ್ಗ. ಒಬ್ಬಾಕೆ ತಲೆಗೆ ಒದ್ದೆ ಟವಲ್ ಸುತ್ತಿದ್ದಳು. ಸೂರ್ಯ ಇನ್ನೂ ಹುಟ್ಟಿರಲಿಲ್ಲ, ಆದರೂ ಟವಲ್ ಒದ್ದೆ. ದೋಣಿಯವರನ್ನು ಕೇಳಿದೆ, ಇವರು ಎಷ್ಟು ಹೊತ್ತಿನವರೆಗೆ ಇರ್ತಾರೆ? "ಬಿಸಿಲು ಏರೂವರೆಗೆ. ಆಮೇಲೆ ಯಾರು ನಿಲ್ತಾರೆ?"

ಕುಮಟಾದಲ್ಲಿ ಬನ್ಸು, ಚಹಾ. ಬನ್ಸ್ ಬಗ್ಗೆ ಹೇಳಿದರೆ ಇವತ್ತಿನ ಉಪನ್ಯಾಸ ಮುಗಿಯಲ್ಲ.

ಕುಮಟಾ ಸುತ್ತ, ಅಳ್ವೇಕೋಡಿ, ಹಂದಿಗೋಣದ ಕಡೆ, ಏಪ್ರಿಲ್‌ನಲ್ಲಿ ಹೆದ್ದಾರಿ ಬದಿಗೆ ಈರುಳ್ಳಿ ನೇತಾಡುತ್ತಿರುತ್ತೆ. ಎಲೆ ಸಮೇತ ಜಡೆ ಹೆಣೆದು ಬಿದಿರಿನ ಗಳಕ್ಕೆ ಸಾಲಾಗಿ ಕಟ್ಟಿರುತ್ತಾರೆ. ಕುಮಟಾದ ಸಿಹಿ ಈರುಳ್ಳಿ. ಒಂದು ಜಡೆ ಕೊಂಡರೆ ಹೊರೋದು ಯಾರು? "ಎರಡೇ ಗಡ್ಡೆ ಕೊಡ್ತೀರಾ?" ಅಂದೆ. ಹುಡುಗ ನನ್ನ ಸೈಕಲ್ ನೋಡಿ, ಜಡೆಯಿಂದ ಮೂರು ಕಿತ್ತು ಕೊಟ್ಟ. ದುಡ್ಡು ಬೇಡ ಅಂದ. ಕಿತ್ತ ಜಡೆಯನ್ನು ಯಾರಿಗೆ ಮಾರಿದನೋ.

ಇಲ್ಲಿಂದ ರಾಷ್ಟ್ರೀಯ ಹೆದ್ದಾರಿ 66. ನಮ್ಮ ಹಳಬರು ಇನ್ನೂ 17 ಅಂತಲೇ ಕರೆಯುತ್ತಾರೆ. ಪನ್ವೇಲಿನಿಂದ ಕನ್ಯಾಕುಮಾರಿವರೆಗೆ ಹೋಗುತ್ತೆ. ನಾಲ್ಕು ಸಾಲು ಆದ ಮೇಲೆ ಸೈಕಲ್ಲಿಗೆ ಬದಿಯಲ್ಲಿ ಜಾಗ ಸಿಕ್ಕಿದೆ, ಹೌದು. ಆದರೆ ಮರ ಹೋಯಿತು. ನೆರಳಿಲ್ಲದ ಅಗಲ ರಸ್ತೆ ಅಂದರೆ ಸೈಕಲ್ಲಿನವನಿಗೆ ಕಾದ ಕಾವಲಿ. ಸಿಕ್ಕ ಕಡೆಯೆಲ್ಲ ನಾನು ಒಳದಾರಿ ಹಿಡಿಯುತ್ತೇನೆ. ದೂರ ಜಾಸ್ತಿ ಆಗುತ್ತೆ, ಆಗಲಿ. ಧಾರೇಶ್ವರದ ಹತ್ತಿರ ಮೀನು ಮಾರುವವರೊಬ್ಬರು ಹಿಂದಿನಿಂದ ಪೋಂ ಪೋಂ ಮಾಡಿಕೊಂಡು ದಾಟಿ ಹೋದರು. ಈಗ ಅವರದೂ ಸ್ಕೂಟರ್. ಒಂದು ಕಾಲಕ್ಕೆ ಇದೇ ದಾರಿಯಲ್ಲಿ ಸೈಕಲ್ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ದಿನಾ ತುಳಿದವರು ಅವರು. ನಾವು ಈಗ ವಿಶೇಷ ಚೀಲ ಕೊಂಡು, ಹೊಸ ಹೆಸರಿಟ್ಟು, ಉಪನ್ಯಾಸ ಕೊಡುತ್ತಿದ್ದೇವೆ!

ಒಂಬತ್ತೂವರೆಗೆ ಹೊನ್ನಾವರ. ಶರಾವತಿ ಸೇತುವೆ ಮೇಲೆ ನಿಂತು ಮನೆಗೆ ಮೆಸೇಜ್ ಹಾಕಿದೆ. ಇದು ನಮ್ಮ ಮನೆಯ ಒಪ್ಪಂದ. ಒಬ್ಬನೇ ಹೋಗುವಾಗ ಹೊಳೆಗೊಂದು ಮೆಸೇಜ್. ಕರಾವಳಿಯಲ್ಲಿ ಹೊಳೆಗೆ ಬರವಿಲ್ಲ, ಹಾಗಾಗಿ ನನ್ನ ಹೆಂಡತಿಗೆ ನಾನೆಲ್ಲಿದ್ದೀನಿ ಅಂತ ಗೊತ್ತಿರುತ್ತೆ. ಪಕ್ಕದಲ್ಲೇ ರೈಲು ಸೇತುವೆ, ಎರಡು ಕಿಲೋಮೀಟರಿಗಿಂತ ಉದ್ದ. ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಒಂದು ಗೂಡ್ಸ್ ಹೋಗುತ್ತಿತ್ತು, ಲಾರಿಗಳನ್ನು ಹೊತ್ತುಕೊಂಡು. ಡ್ರೈವರುಗಳು ಲಾರಿಯಲ್ಲೇ ಕೂತು ಪ್ರಯಾಣ ಮಾಡುತ್ತಾರೆ. ಒಬ್ಬ ಕಾಲು ಚಾಚಿ ಮಲಗಿದ್ದ. ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಹ್ಯಾಂಡಲ್ ಮೇಲಿದ್ದ ಫೋನ್ "ಬಿಸಿಯಾಗಿದೆ, ತಣ್ಣಗಾದ ಮೇಲೆ ಬಳಸಿ" ಅಂತ ಬರೆದು ಕಪ್ಪಾಯಿತು. ಯಂತ್ರಕ್ಕೆ ಇದ್ದ ಬುದ್ಧಿ ಮೊದಲ ಸಲ ನನಗಿರಲಿಲ್ಲ.

ಹೊನ್ನಾವರದ ಪಕ್ಕದ ಕಾಸರಕೋಡಿನ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದೆ, ಶುಚಿಯಾದ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಅದು. ಶುಚಿಯಾಗಿದೆ, ಚಂದ ಇದೆ. ನಾನು ಒಳಗೆ ಹೋಗಲಿಲ್ಲ. ಹತ್ತೂವರೆಯ ಬಿಸಿಲಲ್ಲಿ ಮರಳಿನ ಮೇಲೆ ನನಗೇನು ಕೆಲಸ?

ಇಲ್ಲಿ ಒಬ್ಬರು ಕೇಳಿದರು, ಸಮುದ್ರದ ಪಕ್ಕ ಹೋದರೆ ತಂಪು ಗಾಳಿ ಇರುತ್ತಲ್ವಾ ಅಂತ. ಇರುತ್ತೆ. ಹತ್ತು ಹನ್ನೊಂದು ಗಂಟೆ ಹೊತ್ತಿಗೆ ನೆಲ ಕಾದು ಗಾಳಿ ತಿರುಗುತ್ತೆ, ಕಡಲಿಂದ ನೆಲಕ್ಕೆ ಬೀಸೋಕೆ ಶುರು. ಆದರೆ ಏಪ್ರಿಲ್‌ನಲ್ಲಿ ಆ ಕಡಲೇ 29, 30 ಡಿಗ್ರಿ ಇರುತ್ತೆ. ಗಾಳಿ ಅದರ ಆವಿಯನ್ನು ಹೊತ್ತೇ ಬರುತ್ತೆ. ಮುಖಕ್ಕೆ ಹಿತ ಅನಿಸುತ್ತೆ, ಅದೇ ಮೋಸ. ಸೈಕಲ್ ಓಡುತ್ತಿರುವಾಗ ನಮ್ಮದೇ ಗಾಳಿ ಬೇರೆ ಇರುತ್ತೆ, ಹಾಗಾಗಿ ಗೊತ್ತೇ ಆಗಲ್ಲ. ನಿಂತು ನೋಡಿ. ಎರಡೇ ನಿಮಿಷದಲ್ಲಿ ಮಂಡಿಯಿಂದ, ಮೊಣಕೈಯಿಂದ ಧಾರೆ ಇಳಿಯುತ್ತೆ. ಪೆಡಲಿಗೆ ನಾವು 100 ವ್ಯಾಟಿನಷ್ಟು ಕೆಲಸ ಕೊಟ್ಟರೆ, ಅದರ ಮೂರ್ನಾಲ್ಕು ಪಟ್ಟು ಶಾಖ ಮೈಯಲ್ಲೇ ಉಳಿಯುತ್ತೆ. ಏರಿನಲ್ಲಿ ಕೆಲಸ ಜಾಸ್ತಿ, ವೇಗ ಕಮ್ಮಿ, ಗಾಳಿ ಇಲ್ಲ. ಮೊದಲ ಸಲ ನಾನು ಬಿದ್ದದ್ದೂ ಏರಿನಲ್ಲೇ.

ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಮಂಕಿಯ ಕಡೆ ಹೋಗುವ ಒಂದು ಒಳದಾರಿ. ಸುರಹೊನ್ನೆ ಮರ, ಅದರಡಿ ಒಂದು ಗೂಡಂಗಡಿ, ಮುಂದೆ ಹಲಗೆಯ ಬೆಂಚು. ಪಕ್ಕದ ಅಂಗಳದಲ್ಲಿ ಚಾಪೆ ಮೇಲೆ ಹಲಸಿನ ಹಪ್ಪಳ ಹರಡಿತ್ತು. ಅಂಗಡಿಯಲ್ಲಿ ಅರವತ್ತೈದು ಎಪ್ಪತ್ತರ ಒಬ್ಬ ಹೆಂಗಸು. ಮುರುಗಲ ಹಣ್ಣಿನ ಶರಬತ್ತು ಕೇಳಿದೆ. ಕೋಕಂ ಅಂತೀವಲ್ಲ, ದಕ್ಷಿಣ ಕನ್ನಡದವರ ಪುನರ್ಪುಳಿ, ಅದೇ. ಸಕ್ಕರೆ, ಒಂದು ಚಿಟಿಕೆ ಉಪ್ಪು, ಜೀರಿಗೆ ಪುಡಿ. ಹಣ್ಣಿನ ಹುಳಿ ಸೇರಿದರೆ ನನ್ನ ಆರು ಚಮಚ, ಅರ್ಧ ಚಮಚದ ಲೆಕ್ಕಕ್ಕಿಂತ ಕುಡಿಯೋಕೆ ಎಷ್ಟೋ ವಾಸಿ. ಎರಡು ಲೋಟ ಕುಡಿದೆ. ನೀರು ತುಂಬಿಸಿಕೊಂಡು ಹೊರಡೋಕೆ ಎದ್ದೆ. ಇನ್ನೊಂದು ಗಂಟೆ ತುಳಿದು ಆಮೇಲೆ ನಿಲ್ಲೋಣ ಅಂತ ಲೆಕ್ಕ. ಇಷ್ಟೆಲ್ಲ ಓದಿಕೊಂಡು ಬಂದವನು!

"ಎಲ್ಲಿಂದ ಬಂದೆ ತಮಾ?" ಅಂದರು.

"ಗೋಕರ್ಣದಿಂದ ಅಮ್ಮಾ."

"ಮತ್ತೆ ಎಲ್ಲಿಗೆ?"

"ಮರವಂತೆ."

ಅವರು ಏನೂ ಅನ್ನಲಿಲ್ಲ. ಎದ್ದು ಹೋಗಿ ಚಾಪೆಯಿಂದ ಒಂದು ಹಪ್ಪಳ ತಂದು ನನ್ನ ಕೈಗಿಟ್ಟರು. ತಿನ್ನೋಕೆ ಅಂದುಕೊಂಡೆ. "ಮಡಚು" ಅಂದರು. ಮಡಚಿದೆ. ಬಟ್ಟೆಯ ಹಾಗೆ ಮಡಚಿತು, ಮುರಿಯಲಿಲ್ಲ.

"ನಿನ್ನೆ ಬೆಳಗ್ಗೆ ಹಾಕಿದ್ದು. ಎರಡು ದಿನದ ಬಿಸಿಲು ತಿಂದಿದೆ. ಹಪ್ಪಳವೇ ಒಣಗೂದಿಲ್ಲ, ನಿನ್ನ ಮೈ ಎಲ್ಲಿ ಒಣಗ್ತದೆ? ಕೂತ್ಕೊ."

ಕೂತೆ.

ಒದ್ದೆ ಬಟ್ಟೆಯ ಥರ್ಮಾಮೀಟರ್ ಅಂತ ನಾನು ಇಷ್ಟು ಹೊತ್ತು ನಿಮಗೆ ಪಾಠ ಮಾಡಿದೆನಲ್ಲ, ಅವರ ಕೈಯಲ್ಲಿ ಅದು ಹಪ್ಪಳದ ರೂಪದಲ್ಲಿತ್ತು.

ನಾಲ್ಕೂವರೆ ಗಂಟೆ ಅಲ್ಲೇ ಇದ್ದೆ. ಸೈಕಲ್ ಪ್ರವಾಸದ ಕಥೆ ಹೇಳುವವರು ಈ ಹೊತ್ತನ್ನು ಹಾರಿಸಿಬಿಡುತ್ತಾರೆ, ಏನೂ ನಡೆಯಲಿಲ್ಲ ಅಂತ. ಆ ದಿನದಲ್ಲಿ ನನಗೆ ಅತಿ ಸ್ಪಷ್ಟವಾಗಿ ನೆನಪಿರೋದು ಇದೇ ಹೊತ್ತು. ಕುಮಟಾದ ಈರುಳ್ಳಿ ಹೆಚ್ಚಿ ಅಮ್ಮನಿಗೂ ಕೊಟ್ಟೆ. ಅವರು ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ಕೊಟ್ಟರು. ಆ ಈರುಳ್ಳಿ ಹಸಿಯಾಗಿ ತಿಂದರೂ ಕಣ್ಣಲ್ಲಿ ನೀರು ಬರಲ್ಲ. ಬೆಳಗ್ಗೆ ಪೋಂ ಪೋಂ ಮಾಡುತ್ತಾ ಹೋದಂಥದ್ದೇ ಒಂದು ಮೀನಿನ ಸ್ಕೂಟರ್ ಬಂತು. ಪೆಟ್ಟಿಗೆ ಖಾಲಿ. ಅವರು ನೀರು ಕುಡಿದು, ಮರದ ಬೇರಿಗೆ ತಲೆಯಿಟ್ಟು ಮಲಗಿದರು. ದೋಣಿಯಿಂದ ಬಂದ ಇಬ್ಬರು ಹುಡುಗರು ಬಲೆ ಬಿಡಿಸುತ್ತಾ ಕೂತು, ಅರ್ಧಕ್ಕೆ ಬಿಟ್ಟು, ಅವರೂ ಮಲಗಿದರು. ಹನ್ನೆರಡರಿಂದ ಮೂರರವರೆಗೆ ಆ ದಾರಿಯಲ್ಲಿ ಓಡಾಡಿದ್ದು ಒಂದು ಕೊರಿಯರ್ ಹುಡುಗನ ಬೈಕು, ಎರಡು ಪ್ರವಾಸಿ ಕಾರು. ಕಾರಿನ ಗಾಜು ಏರಿಸಿತ್ತು. ಉಪ್ಪಿನ ಗದ್ದೆಯವರು, ಬಳಚು ಆಯುವವರು, ಮೀನಿನವರು, ಇವರೆಲ್ಲರ ದಿನ ಮೂರಕ್ಕೋ ನಾಲ್ಕಕ್ಕೋ ಶುರುವಾಗಿ ಹನ್ನೊಂದಕ್ಕೆ ಮುಗಿಯುತ್ತೆ, ಮತ್ತೆ ಸಂಜೆ ಶುರುವಾಗುತ್ತೆ. ನಡುಮಧ್ಯಾಹ್ನವನ್ನು ಅವರು ಯಾವತ್ತೋ ಬಿಟ್ಟುಕೊಟ್ಟಿದ್ದಾರೆ. ಬೆಳಗ್ಗೆ ಒಂಬತ್ತಕ್ಕೆ ತಿಂಡಿ ತಿಂದು ಹೊರಟು ಸಂಜೆಯೊಳಗೆ ಇಷ್ಟು ಕಿಲೋಮೀಟರ್ ಅಂತ ಲೆಕ್ಕ ಹಾಕೋದು ಆಫೀಸಿನ ಗಡಿಯಾರ ಕಟ್ಟಿಕೊಂಡ ನಮ್ಮಂಥವರ ಚಾಳಿ.

ಒಬ್ಬರೇ ಯಾಕೆ ಹೋಗ್ತೀರಿ ಅಂತ ಹಿಂದಿನಿಂದ ಒಬ್ಬರು ಕೇಳಿದರು. ನಿಜ ಹೇಳುತ್ತೇನೆ. ಇಬ್ಬರಿದ್ದರೆ ನಾನು ಆ ಬೆಂಚಿನಲ್ಲಿ ಕೂರುತ್ತಿರಲಿಲ್ಲ. ಇನ್ನೊಬ್ಬ "ಹತ್ತು ಕಿಲೋಮೀಟರ್ ಹೊಡೆದುಬಿಡೋಣ" ಅನ್ನುತ್ತಿದ್ದ, ನಾನು ಸೋಲಬಾರದು ಅಂತ ಹೂಂ ಅನ್ನುತ್ತಿದ್ದೆ. ಒಬ್ಬನೇ ಇದ್ದರೆ ಸೋತರೂ ನೋಡೋರು ಯಾರೂ ಇಲ್ಲ. ಆದರೆ ಇದಕ್ಕೆ ಬೆಲೆಯೂ ಇದೆ. ಮಾತು ತೊದಲಿದರೆ, ನಡಿಗೆ ತಪ್ಪಿದರೆ, "ನಿನಗೆ ಹುಷಾರಿಲ್ಲ" ಅಂತ ಹೇಳೋರೂ ಇಲ್ಲ. ಸೆಕೆ ಮೊದಲು ಕೆಡಿಸೋದು ಬುದ್ಧಿಯನ್ನೇ. ಅದಕ್ಕೇ ಹೊತ್ತನ್ನು ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಹನ್ನೊಂದು ಅಂದರೆ ಹನ್ನೊಂದು. ಆಗ ಮೈ ಚೆನ್ನಾಗಿದೆ, ಇನ್ನೊಂದು ಗಂಟೆ ತುಳೀತೀನಿ ಅಂತ ಅನಿಸಿದರೆ, ಹಾಗೆ ಹೇಳುತ್ತಿರುವ ತಲೆಯನ್ನೇ ನಂಬಬಾರದು.

ಮೂರೂವರೆಗೆ ಹೊರಟೆ. ದುಡ್ಡು ಎಷ್ಟು ಅಂದರೆ ಎರಡು ಲೋಟ ಶರಬತ್ತಿನದು ಮಾತ್ರ ತೆಗೆದುಕೊಂಡರು.

ಈಗ ಗಾಳಿಯ ಸಂಗತಿ. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ನಮ್ಮ ಪಡುಕಡಲಿನ ದಂಡೆಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ವಾಯುವ್ಯದಿಂದ ಬೀಸುತ್ತೆ. ಬಡಗಿನಿಂದ ತೆಂಕಕ್ಕೆ ಹೋಗುವವನ ಬೆನ್ನಿಗೆ, ಸ್ವಲ್ಪ ಬಲಕ್ಕೆ. ಮೊದಲ ಸಲ ನಾನು ಇದರ ಎದುರು ತುಳಿದಿದ್ದೆ. ಈ ಸಲ ಯಾರೋ ಬೆನ್ನ ಮೇಲೆ ಕೈಯಿಟ್ಟು ತಳ್ಳಿದ ಹಾಗಿತ್ತು. ಮುರ್ಡೇಶ್ವರದ 123 ಅಡಿಯ ಶಿವನಿಗೆ ಹೆದ್ದಾರಿಯಿಂದಲೇ ಕೈ ಮುಗಿದೆ. ಗಾಳಿ ಇರುವಾಗ ನಿಲ್ಲಬಾರದು.

ಭಟ್ಕಳ ಬಂತು. ಆ ಬಸ್ ತಂಗುದಾಣಕ್ಕೆ ಹೊಸ ಬಣ್ಣ ಬಳಿದಿದ್ದರು. ಒಂದು ನಿಮಿಷ ನಿಂತೆ, ಗಾಳಿ ಇದ್ದರೂ.

ಅಲ್ಲಿಂದ ಮುಂದೆ ಹಿಂದಿನ ಚಕ್ರ ಮೆತ್ತಗಾಯಿತು. ಪಂಕ್ಚರ್. ಟೈರಿನಲ್ಲಿ ಬೆರಳಾಡಿಸಿದರೆ ಕೂದಲಿನಷ್ಟು ಸಣ್ಣ ಉಕ್ಕಿನ ತಂತಿ. ಸಿಡಿದ ಲಾರಿ ಟೈರುಗಳಿಂದ ಉದುರೋದು ಇದು, ಹೆದ್ದಾರಿ ಬದಿಯಲ್ಲಿ ಸೈಕಲ್ಲಿಗೆ ಇದೇ ದೊಡ್ಡ ಶತ್ರು. ಮೊಳೆಯಾದರೆ ಕಣ್ಣಿಗೆ ಕಾಣುತ್ತೆ. ಹೆಚ್ಚಿನ ಟ್ಯೂಬ್ ಹಾಕಬಹುದಿತ್ತು, ಆದರೆ ಅದನ್ನು ರಾತ್ರಿಗೆ ಉಳಿಸೋಣ ಅಂತ ತೇಪೆ ಹಾಕೋಕೆ ಕೂತೆ. ಟ್ಯೂಬು ಉಜ್ಜಿ, ಸೊಲ್ಯೂಷನ್ ಹಚ್ಚಿ, ಒಣಗಲಿ ಅಂತ ಬಗ್ಗಿ ಊದುತ್ತಿದ್ದೆ. ಹಣೆಯಿಂದ ಒಂದು ತೊಟ್ಟು ಬೆವರು ಸರಿಯಾಗಿ ಸೊಲ್ಯೂಷನ್ ಮೇಲೆ ಬಿತ್ತು. ಒರೆಸಿ ಮತ್ತೆ ಹಚ್ಚಿದೆ. ಮತ್ತೆ ಬಿತ್ತು. ತೇಪೆ ಅಂಟಲ್ಲ, ಅಂಚು ಎದ್ದು ಬರುತ್ತೆ. ಕೈ ಒರೆಸೋಣ ಅಂದರೆ ಒಣಗಿದ ಬಟ್ಟೆ ಅನ್ನೋದು ನನ್ನ ಮೈಮೇಲೂ ಇಲ್ಲ, ಚೀಲದಲ್ಲೂ ಇಲ್ಲ. ಕೊನೆಗೆ ಶಾಲೆ ಬಿಟ್ಟು ಹೋಗುತ್ತಿದ್ದ ಒಬ್ಬ ಹುಡುಗ ನಿಂತು ನೋಡಿ, "ನಾ ಹಚ್ತೆ ಕೊಡಿ" ಅಂದ. ಅವನು ಬೆವರುತ್ತಿರಲಿಲ್ಲ! ಎರಡು ನಿಮಿಷದಲ್ಲಿ ಅಂಟಿಸಿ, ಕಲ್ಲಿನಿಂದ ಮೆಲ್ಲಗೆ ಕುಟ್ಟಿ ಕೊಟ್ಟ. ಇಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು.

ಲೆಕ್ಕ ಹಾಕಿದೆ. ಬೈಂದೂರು ಮುಟ್ಟುವಾಗ ಸೂರ್ಯ ಮುಳುಗುತ್ತೆ. ಮರವಂತೆ ಅದರಾಚೆ ಇನ್ನೂ ಇಪ್ಪತ್ತು ಕಿಲೋಮೀಟರ್. ಒಂದು ಕಡೆ ಕಡಲು, ಒಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ, ಆ ಫೋಟೋ ನೀವೆಲ್ಲ ನೋಡಿದ್ದೀರಿ. ನಾನು ಹೊರಟದ್ದೂ ಆ ಫೋಟೋಗೇ. ಕತ್ತಲಲ್ಲಿ ಲಾರಿಗಳ ನಡುವೆ ಹೋಗಿ ಅಲ್ಲಿ ಏನು ನೋಡೋದು? ಬಿಟ್ಟೆ. ನೂರಕ್ಕೆ ಎರಡು ಮೂರು ಕಮ್ಮಿ ಆಗಿತ್ತು ಮೀಟರಿನಲ್ಲಿ. ನೂರು ಮಾಡಬೇಕು ಅಂತ ಬೈಂದೂರಿನ ಬೀದಿಯಲ್ಲಿ ಸುಮ್ನೆ ಸುತ್ತು ಹೊಡೆಯೋ ಆಸೆ ಆಯಿತು. ಸೈಕಲ್ಲಿನವರಿಗೆಲ್ಲ ಈ ರೋಗ ಇರುತ್ತೆ. ಹೊಡೆಯಲಿಲ್ಲ.

ಮಲಗೋದು ಎಲ್ಲಿ ಅಂತ ಕೇಳಿದಿರಿ. ಬೀಚಿನಲ್ಲಿ ಟೆಂಟ್ ಹಾಕೋದು ಸಿನಿಮಾದಲ್ಲಿ ಚಂದ. ಮರಳು ಚೈನಿಗೆ ವಿಷ, ಉಪ್ಪಿನ ಗಾಳಿಗೆ ಒಂದೇ ರಾತ್ರಿಯಲ್ಲಿ ನಟ್ಟು ಬೋಲ್ಟು ಕೆಂಪಾಗುತ್ತವೆ. ಭರತದ ನೀರು ಎಲ್ಲಿವರೆಗೆ ಬರುತ್ತೆ ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಕಾಸರಕೋಡು ಟೊಂಕದಂಥ ಕಡೆ ಕಡಲಾಮೆ ಮೊಟ್ಟೆ ಇಡುತ್ತೆ, ನಮ್ಮ ಟಾರ್ಚಿನ ಬೆಳಕಿಗೆ ಮರಿಗಳು ದಾರಿ ತಪ್ಪುತ್ತವೆ. ನಾನು ಊರೊಳಗೆ ಹೋಗಿ ಕೇಳುತ್ತೇನೆ. ಆ ದಿನ ಒಂದು ಸಣ್ಣ ದೇವಸ್ಥಾನದ ಜಗಲಿ ಸಿಕ್ಕಿತು. ಅರ್ಚಕರು ನನ್ನನ್ನು, ಸೈಕಲ್ಲನ್ನು ನೋಡಿ, "ರಾಯಚೂರಾ? ಅಲ್ಲಿ ಭಯಂಕರ ಬಿಸಿಲಂತಲ್ಲ ಮಾರಾಯ್ರೆ, ಹೆಂಗೆ ಬದುಕ್ತ್ರಿ?" ಅಂದರು. ನಾನು ಟವಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದೆ.

ಬಾವಿಯಿಂದ ನೀರು ಸೇದಿ ಮೊದಲು ಸೈಕಲ್ ತೊಳೆದೆ, ಆಮೇಲೆ ನಾನು ಸ್ನಾನ ಮಾಡಿದೆ. ಶರ್ಟಿನ ಬೆನ್ನಿನ ಮೇಲೆ ಬೆಳಗ್ಗೆಯಿಂದ ಆರಿ ಆರಿ ಕಟ್ಟಿದ ಉಪ್ಪಿನ ಗೆರೆಗಳಿದ್ದವು, ಭೂಪಟದ ಹಾಗೆ. ತೊಳೆದು, ಹಿಂಡಿ, ಸೈಕಲ್ ಹ್ಯಾಂಡಲ್ ಮೇಲೆ ಹರಡಿ ಮಲಗಿದೆ. ಊರಲ್ಲಾದರೆ ಅರ್ಧ ಗಂಟೆಗೆ ಗರಿಗರಿ ಆಗಿರುತ್ತಿತ್ತು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಮುಟ್ಟಿ ನೋಡಿದೆ. ಅರ್ಧ ಒದ್ದೆ. ಹಾಗೇ ಹಾಕಿಕೊಂಡು ಮರವಂತೆ ಕಡೆ ಹೊರಟೆ.